ಕಾಗದ ತುಂಬಿದ ಗುಂಡು

ಯುದ್ಧದ ಕಾಲದಲ್ಲಿ ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಖಾಕಿ ಅಂಗಿ ತೊಟ್ಟ ಎತ್ತರದ ಮನುಷ್ಯರೊಬ್ಬರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ವಯಸ್ಸು ಐವತ್ತರ ಹತ್ತಿರ. ಮೀಸೆ ಪೂರ್ತಿ ನರೆತಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಬಂದಿದ್ದರೆಂದು ಅವರ ಕುತ್ತಿಗೆಯ ಮಸಿಯೇ ಹೇಳುತ್ತಿತ್ತು.

“ವಿಜ್ಞಾನದ ಮೇಷ್ಟ್ರು ನೀವೇನಾ? ನಿಮ್ಮತ್ರ ಗಾಜಿನ ಪೆಟ್ಟಿಗೇಲಿ ಇಟ್ಟಿರೋ ಸಣ್ಣ ತಕ್ಕಡಿ ಐತಂತಲ್ಲ. ಮೂರು ಸಾಮಾನು ತೂಗ್ಬೇಕಿತ್ತು” ಅಂದರು.

ಚಿನ್ನವಿರಬಹುದು ಅಂದುಕೊಂಡೆ. ಅವರು ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟದ್ದು ರೈಫಲ್ಲಿನ ಗುಂಡುಗಳನ್ನು. ಹಿತ್ತಾಳೆಯ ತೋಟಾ ಇಲ್ಲ, ಮದ್ದಿಲ್ಲ, ಮುಂದೆ ಹಾರಿಹೋಗುವ ಗುಂಡು ಮಾತ್ರ. ಜೊತೆಗೆ ಒಂದು ಚೀಟಿ. ಹಾಸನದ ಹೊರಗೆ ಬೀಡುಬಿಟ್ಟಿದ್ದ ತರಬೇತಿ ಪಲ್ಟನ್ನಿನ ಕ್ಯಾಪ್ಟನ್ ಸಾಹೇಬರು ನಮ್ಮ ಹೆಡ್‌ಮಾಸ್ತರರಿಗೆ ಬರೆದದ್ದು. ಇದನ್ನು ತರುವ ಹವಾಲ್ದಾರರಿಗೆ ಸಹಾಯ ಮಾಡಬೇಕೆಂದು ಅದರಲ್ಲಿತ್ತು.

ಹವಾಲ್ದಾರರು ಅರಕಲಗೂಡಿನ ಕಡೆಯವರು. ಹಿಂದಿನ ಮಹಾಯುದ್ಧದಲ್ಲಿ ಹಡಗು ಹತ್ತಿ ಇರಾಕಿನ ಬಸ್ರಾದ ಕಡೆಗೆ ಹೋಗಿ ತುರ್ಕಿಯವರ ಮೇಲೆ ಕಾದಾಡಿ ಬಂದವರು. ಪಿಂಚಣಿಯಾದ ಮೇಲೆ ಊರಲ್ಲಿ ರಾಗಿ ಹೊಲ ನೋಡಿಕೊಂಡಿದ್ದರು. ಈ ಯುದ್ಧ ಶುರುವಾದಾಗ, ಹೊಸದಾಗಿ ಸೇರಿದವರಿಗೆ ಗುರಿ ಹೊಡೆಯುವುದನ್ನು ಕಲಿಸಲಿಕ್ಕೆ ಮತ್ತೆ ಕರೆಸಿಕೊಂಡಿದ್ದರು.

ನಾನು ಅಲ್ಲಿಯವರೆಗೆ ಗುಂಡನ್ನು ಮುಟ್ಟಿದವನಲ್ಲ. ಕೋವಿ ಅಂದರೆ ನನಗೆ ಗೊತ್ತಿದ್ದದ್ದು ಹೊಲಕ್ಕೆ ನುಗ್ಗುವ ಹಂದಿ ಹೊಡೆಯುವವರ ಒಂಟಿ ನಳಿಗೆ ಮಾತ್ರ. ಮೂರರಲ್ಲಿ ಒಂದು ಗುಂಡಿನ ಮೂತಿ ದುಂಡಗೆ, ಕಿರುಬೆರಳ ತುದಿಯ ಹಾಗಿತ್ತು. ಉಳಿದೆರಡು ಚೂಪು. ಅವೆರಡರ ನಡುವೆ ನನ್ನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

“ದುಂಡಂದು ಅಳೇದು. ನಾನು ಪಲ್ಟನ್ನು ಸೇರ್ದಾಗ ಇದೇ ಇತ್ತು. ಪೊಲೀಸ್ನೋರ ಅಟ್ಟದ್ಮೇಲೆ ಬಿದ್ದಿತ್ತು, ತಂದ್ವಿ. ಚೂಪಂದು ಆಮೇಲೆ ಬಂತು” ಎಂದು ಹವಾಲ್ದಾರರು ವಿವರಿಸಿ, ಅಂಗಿ ಜೇಬಿನಿಂದ ಇನ್ನೂ ಎರಡು ಚೂರು ತೆಗೆದರು. “ಚೂಪಂದ್ರಲ್ಲೇ ಎರಡು ಜಾತಿ ಐತೆ ಈಗ. ಒಳಗೆ ನೋಡಿ.”

ಅವು ಉದ್ದಕ್ಕೆ ಸೀಳಿದ ಗುಂಡಿನ ಹೋಳುಗಳು. ಯಾರೋ ಅರದಿಂದ ಬಹಳ ತಾಳ್ಮೆಯಿಂದ ಉಜ್ಜಿ ಸೀಳಿದ್ದರು. ನಾನು ಕಿಟಕಿಯ ಬೆಳಕಿಗೆ ಹಿಡಿದೆ. ಹೊರಗೆ ತೆಳುವಾದ ಲೋಹದ ಹೊದಿಕೆ, ಒಳಗೆ ಸೀಸ. ಆದರೆ ಸೀಸ ಮೂತಿಯವರೆಗೆ ಇರಲಿಲ್ಲ. ಒಂದರ ಮೂತಿಯೊಳಗೆ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಇತ್ತು. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಕಂದು ಬಣ್ಣದ ಏನೋ. ಉಗುರಿನಿಂದ ಕೆದಕಿದೆ. ಎಳೆ ಎಳೆಯಾಗಿ ಬಂತು. ಒತ್ತಿ ಗಟ್ಟಿಮಾಡಿದ ಕಾಗದ.

ನಾನು ತಲೆಯೆತ್ತಿ ನೋಡಿದಾಗ ಹವಾಲ್ದಾರರ ಮುಖ ಗಂಭೀರವಾಗಿತ್ತು.

“ಗೊರೂರು ಕಡೆಯೋನು ಒಬ್ಬ ಅವ್ನೆ, ಕಮ್ಮಾರಿಕೆ ಮಾಡ್ಕೊಂಡಿದ್ದೋನು. ಸುಮ್ಕೆ ಕೂರಕಾಗ್ದೆ ಇದನ್ನ ಸೀಳ್ಬುಟ್ಟ. ಒಳಗೆ ಕಾಗದ ಕಾಣ್ತು. ಅವತ್ತಿಂದ ಕ್ಯಾಂಪಲ್ಲಿ ಒಂದೇ ಮಾತು ಕಣ್ರಿ. ಸರ್ಕಾರದೋರು ನಮ್ಮ ಕೈಗೆ ಕಾಗದದ ಗುಂಡು ಕೊಟ್ಟು ಸಾಯಾಕೆ ಕಳಿಸ್ತವ್ರೆ ಅಂತ. ನಾಲ್ಕು ಜನ ಆಗ್ಲೇ ಊರಿಗೆ ಓಡೋದ್ರು.”

“ಕ್ಯಾಪ್ಟನ್ ಏನಂದರು?”

“ಅಲ್ಯೂಮಿನಿಯಂ ಎಲ್ಲಾ ವಿಮಾನಕ್ಕೆ ಬೇಕು, ಅದಕ್ಕೆ ಇಂಗೆ ಮಾಡವ್ರೆ, ಎರಡೂ ಒಂದೇ ಅಂತಾರೆ. ಬಾಯಲ್ಲಿ ಏಳಿದ್ರೆ ಯಾರು ನಂಬ್ತಾರೆ ಮೇಷ್ಟ್ರೇ? ನಂಗೇ ನಂಬ್ಕೆ ಇಲ್ಲ.”

ನಾನು ತಕ್ಕಡಿಯ ಗಾಜಿನ ಬಾಗಿಲು ತೆಗೆದೆ. ದುಂಡು ಮೂತಿಯದು ಹತ್ತಿರ ಹತ್ತಿರ ಹದಿನಾಲ್ಕು ಗ್ರಾಂ ತೂಗಿತು. ಅಲ್ಯೂಮಿನಿಯಂ ಮೂತಿಯದು ಹನ್ನೊಂದರ ಮೇಲೆ ಸ್ವಲ್ಪ. ಆಮೇಲೆ ಕಾಗದದ್ದನ್ನು ಇಟ್ಟೆ. ಮುಳ್ಳು ಅತ್ತಿತ್ತ ಓಲಾಡಿ ಓಲಾಡಿ ಹಿಂದಿನ ಗುರುತಿನಲ್ಲೇ ಬಂದು ನಿಂತಿತು. ನನಗೆ ನಂಬಿಕೆ ಬಾರದೆ ಇನ್ನೂ ಎರಡು ಸಲ ತೂಗಿದೆ. ಎರಡರ ನಡುವೆ ಅರ್ಧ ಅಕ್ಕಿಕಾಳಿನಷ್ಟೂ ವ್ಯತ್ಯಾಸವಿರಲಿಲ್ಲ. ಕಾಗದ ಅಲ್ಯೂಮಿನಿಯಂಗಿಂತ ಹಗುರ. ಹಾಗಾದರೆ ಅಷ್ಟೇ ಮಟ್ಟಿಗೆ ಸೀಸವನ್ನು ಯಾರೋ ಹೆಚ್ಚಿಸಿದ್ದಾರೆ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಕೂತವರು, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಲಕ್ಷಾಂತರ ಗುಂಡುಗಳಲ್ಲಿ, ಕೂದಲೆಳೆಯ ಲೆಕ್ಕ ಇಟ್ಟುಕೊಂಡು ಕೆಲಸ ಮಾಡಿದ್ದಾರೆ. ಆ ಕ್ಷಣ ನನ್ನ ಮೈ ಜುಮ್ಮೆಂದಿತು. ಅದು ಕೊಲ್ಲುವ ವಸ್ತು ಅನ್ನುವುದು ಆಗ ನನ್ನ ನೆನಪಿಗೇ ಬರಲಿಲ್ಲವೆಂದು ಒಪ್ಪಿಕೊಳ್ಳಬೇಕು.

“ತೂಕ ಒಂದೇ ಇದೆ. ಆದರೆ ತೂಕ ಒಂದೇ ಆದ ಮಾತ್ರಕ್ಕೆ ಓಟ ಒಂದೇ ಅನ್ನಲಿಕ್ಕಾಗುವುದಿಲ್ಲ. ವೇಗ ಅಳೆಯಬೇಕು” ಅಂದೆ.

“ಗುಂಡಿನ ವೇಗ ಅಳೆಯಾಕಾಯ್ತದಾ? ಕಣ್ಗೇ ಕಾಣಲ್ವಲ್ಲ ಅದು.”

ಆಗುತ್ತದೆ ಎಂದೆ. ಮೈಸೂರಿನಲ್ಲಿ ಓದುವಾಗ ಪುಸ್ತಕದಲ್ಲಿ ಒಂದು ಚಿತ್ರ ನೋಡಿದ್ದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದ ಚಿತ್ರ. ಭಾರವಾದ ಪೆಟ್ಟಿಗೆಯೊಂದನ್ನು ಉಯ್ಯಾಲೆಯ ಹಾಗೆ ತೂಗಿಬಿಟ್ಟು ಅದಕ್ಕೆ ಗುಂಡು ಹೊಡೆಯಬೇಕು. ಗುಂಡು ಪೆಟ್ಟಿಗೆಯೊಳಗೇ ಸಿಕ್ಕಿಕೊಳ್ಳಬೇಕು. ಪೆಟ್ಟಿಗೆ ಎಷ್ಟು ದೂರ ಹಿಂದಕ್ಕೆ ಜೀಕುತ್ತದೋ ಅಳೆದರೆ, ಗುಂಡಿನ ತೂಕ ಗೊತ್ತಿರುವುದರಿಂದ, ಅದು ಬಂದ ವೇಗ ಲೆಕ್ಕಕ್ಕೆ ಸಿಗುತ್ತದೆ. ಅಷ್ಟೇ. ಕಾಣದ್ದನ್ನು ಹಿಡಿಯಲು ಒಂದು ಉಯ್ಯಾಲೆ ಸಾಕು.

ಎರಡು ವಾರ ಹಿಡಿಯಿತು. ಪೆಟ್ಟಿಗೆಯನ್ನು ನಮ್ಮ ಬೀದಿಯ ಬಡಗಿ ಹಲಸಿನ ಹಲಗೆಯಲ್ಲಿ ಮಾಡಿದ. ಮೂರಡಿ ಉದ್ದ. ಮರದ ದಿಮ್ಮಿಯಾದರೆ ಗುಂಡು ತೂರಿಕೊಂಡು ಆಚೆ ಹೋಗಿಬಿಡುತ್ತದೆ, ಮರಳಿನಲ್ಲಿ ಒಂದೂವರೆ ಅಡಿಗೇ ನಿಂತುಬಿಡುತ್ತದೆ ಎಂದು ಹವಾಲ್ದಾರರು ಹೇಳಿದ್ದರಿಂದ ಹೇಮಾವತಿಯ ಮರಳು ಜರಡಿ ಹಿಡಿದು ತುಂಬಿದೆವು. ತೊಟ್ಟಿಲಿಗೆ ಹಾಕುವಂಥ ಸರಪಳಿ ನಾಲ್ಕು. ಪೆಟ್ಟಿಗೆಯ ಹಿಂದೆ ಒಂದು ಪೆನ್ಸಿಲ್ಲಿನ ಕಡ್ಡಿಯನ್ನು ಸೇರಿಸಿ, ಅದು ಕಾಗದದ ಮೇಲೆ ಗೀಟು ಎಳೆಯುವ ಹಾಗೆ ಮಾಡಿದೆ. ನನ್ನ ಹೆಂಡತಿ ಅಂಗಳದಲ್ಲಿ ನಿಂತು ನೋಡಿ, “ಮನೆಗೆ ತೊಟ್ಟಿಲು ಬೇಕು ಅಂದಾಗ ಬಡಗಿ ಸಿಗಲಿಲ್ಲ, ಇದಕ್ಕೆ ಸಿಕ್ಕಿದನಾ?” ಅಂದಳು. ಆಗ ಅವಳಿಗೆ ಏಳು ತಿಂಗಳು.

ಹಾಸನದ ಹೊರಗೆ, ಒಂದು ಗುಡ್ಡದ ಬುಡದಲ್ಲಿ ಅವರ ಗುರಿ ಹೊಡೆಯುವ ಬಯಲಿತ್ತು. ಭಾನುವಾರ ಬೆಳಿಗ್ಗೆ ಹೊಸ ಸಿಪಾಯಿಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಕೂರಿಸಿದ್ದರು. ಕ್ಯಾಪ್ಟನ್ ಮೈಸೂರಿನವರು, ಎಂಜಿನಿಯರಿಂಗ್ ಓದಿದವರು, ನನಗಿಂತ ಐದಾರು ವರ್ಷಕ್ಕೆ ದೊಡ್ಡವರಿರಬಹುದು. ಅವರು ನನ್ನ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿ, ಸರಪಳಿ ಅಲ್ಲಾಡಿಸಿ ನೋಡಿ, “ಮೇಷ್ಟ್ರೇ, ಫಲಿತಾಂಶ ಏನೇ ಬರಲಿ, ಇವರೆದುರಿಗೆ ಗಟ್ಟಿಯಾಗಿ ಹೇಳಿ. ಕಾಗದದ್ದು ಕಮ್ಮಿ ಅಂತ ಬಂದರೂ ಹೇಳಿ” ಅಂದರು. ಆ ಮಾತಿಗೆ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಗುಂಡು ಹೊಡೆದವರು ಹವಾಲ್ದಾರರೇ. ಹತ್ತು ಗಜ ದೂರದಲ್ಲಿ ಮಲಗಿದರು. ಅವರ ಮುಂದೆ ತೂತು ಕೊರೆದ ಒಂದು ಹಲಗೆ ನಿಲ್ಲಿಸಿದ್ದೆವು. ರೈಫಲ್ಲಿನ ಬಾಯಿಂದ ಬರುವ ಗಾಳಿ ಪೆಟ್ಟಿಗೆಯನ್ನು ತಳ್ಳಬಾರದೆಂದು ಹಾಗೆ ಮಾಡಿದ್ದು. ಮೊದಲ ಸದ್ದಿಗೆ ನಾನು ಬೆಚ್ಚಿಬಿದ್ದೆ. ಕಿವಿ ಗುಯ್ಯೆಂದಿತು. ಕಣ್ಣು ಬಿಟ್ಟಾಗ ಮಣಗಟ್ಟಲೆ ತೂಕದ ಆ ಪೆಟ್ಟಿಗೆ ಯಾರೋ ಮೆಲ್ಲಗೆ ಕೈಯಲ್ಲಿ ತಳ್ಳಿದಂತೆ ಹಿಂದಕ್ಕೂ ಮುಂದಕ್ಕೂ ಜೀಕುತ್ತಿತ್ತು. ಬೆರಳ ತುದಿಯಷ್ಟು ಲೋಹ. ಅದು ಬಂದದ್ದನ್ನು ಯಾರೂ ನೋಡಲಿಲ್ಲ. ಪೆಟ್ಟಿಗೆ ಮಾತ್ರ ತೂಗುತ್ತಿತ್ತು.

ಒಂದೊಂದು ಜಾತಿಯದು ಐದೈದು ಹೊಡೆದರು. ನಾನು ಪ್ರತಿ ಸಲವೂ ಗೀಟು ಅಳೆದು ಗಟ್ಟಿಯಾಗಿ ಓದಿದೆ. ಎಲ್ಲವೂ ಮೂರು ಅಂಗುಲದ ಆಸುಪಾಸು. ಅಲ್ಯೂಮಿನಿಯಂದೂ ಕಾಗದದ್ದೂ ಒಂದರ ಮೇಲೊಂದು ಬಿದ್ದ ಹಾಗೆ ಬಂದವು. ಯಾವ ಗೀಟು ಯಾವುದರದ್ದೆಂದು ಬರೆದಿಟ್ಟುಕೊಳ್ಳದಿದ್ದರೆ ನನಗೇ ತಿಳಿಯುತ್ತಿರಲಿಲ್ಲ. ಆದರೆ ಹಳೆಯ ದುಂಡು ಗುಂಡಿನ ಗೀಟು ಅವೆರಡಕ್ಕಿಂತ ಒಂದು ಕೂದಲು ಉದ್ದವಾಗಿತ್ತು.

ಸಿಪಾಯಿಗಳ ಸಾಲಿನಲ್ಲಿ ಗುಜುಗುಜು ಎದ್ದಿತು. ಗೊರೂರು ಕಡೆಯ ಆ ಕಮ್ಮಾರ ಎದ್ದು ನಿಂತ. ಅಗಲ ಮುಖ, ಮುಂಗೈಯ ಮೇಲೆ ಕಿಡಿ ಬಿದ್ದ ಕಲೆಗಳು.

“ಸಾ, ತಪ್ಪು ತಿಳ್ಕೋಬೇಡಿ. ಅಳೇದೇ ಜೋರಾಗಿ ತಳ್ಳೈತೆ. ಅಂಗಾದ್ರೆ ಒಸಾದು ಎರಡೂ ಪುಸ್ಕ ತಾನೆ?”

ಕ್ಯಾಪ್ಟನ್ ನನ್ನ ಕಡೆ ನೋಡಿದರು. ಲೆಕ್ಕಕ್ಕೆಂದು ಅಲ್ಲಿ ನಿಲ್ಲಿಸಿದ್ದ ಕಪ್ಪು ಹಲಗೆಯ ಮುಂದೆ ಹೋಗಿ ನಿಂತು ನಾನು ಅವನನ್ನು ಕೇಳಿದೆ: “ನೀನು ಸುತ್ತಿಗೆ ಹಿಡಿದವನು. ದೊಡ್ಡ ಸುತ್ತಿಗೆ ನಿಧಾನಕ್ಕೆ ಬಿದ್ದರೂ ತಳ್ಳುತ್ತದೆ, ಅಲ್ಲವಾ?”

“ಹೂಂ ಸಾ.”

“ಸಣ್ಣ ಸುತ್ತಿಗೆ ಅಷ್ಟೇ ತಳ್ಳಬೇಕಾದರೆ?”

ಅವನು ಯೋಚಿಸಿದ. “ಬೀಸಿ ಒಡೀಬೇಕು.”

“ಹಳೆಯದು ಭಾರ. ಹೊಸದು ಹಗುರ. ಆದರೂ ಪೆಟ್ಟಿಗೆಯನ್ನು ಹೆಚ್ಚುಕಮ್ಮಿ ಅಷ್ಟೇ ತಳ್ಳಿದೆ. ಅಂದರೆ ಯಾವುದು ಜೋರಾಗಿ ಓಡಿದೆ?”

ಅವನು ಮೆಲ್ಲಗೆ ಕೂತ. ನಾನು ಲೆಕ್ಕ ಮಾಡಿ ತೋರಿಸಿದೆ. ದುಂಡಗಿನದು ಸೆಕೆಂಡಿಗೆ ಎರಡು ಸಾವಿರ ಅಡಿಯ ಮೇಲೆ ಸ್ವಲ್ಪ. ಚೂಪಿನವು ಎರಡೂ ಎರಡು ಸಾವಿರದ ನಾನೂರರ ಹತ್ತಿರ. ಕ್ಯಾಪ್ಟನ್ ತಮ್ಮ ಚರ್ಮದ ಚೀಲದಿಂದ ಅಚ್ಚಾದ ಕೈಪಿಡಿ ತೆಗೆದು, ಆ ಪುಟ ಹುಡುಕಿ ನನ್ನ ಕೈಗಿತ್ತರು. ಅದರಲ್ಲಿದ್ದ ಸಂಖ್ಯೆಗೂ ನನ್ನದಕ್ಕೂ ಬಹಳ ವ್ಯತ್ಯಾಸವಿರಲಿಲ್ಲ. ಹಲಸಿನ ಹಲಗೆ, ತೊಟ್ಟಿಲ ಸರಪಳಿ, ಹೇಮಾವತಿಯ ಮರಳು. ಇಷ್ಟರಿಂದ ನಾನು ಆ ಪುಟಕ್ಕೆ ಬಂದು ಸೇರಿದ್ದೆ.

ಆದರೂ ಸಿಪಾಯಿಗಳಿಗೆ ಲೆಕ್ಕಕ್ಕಿಂತ ಕಣ್ಣೇ ಮುಖ್ಯ ಎಂದು ಹವಾಲ್ದಾರರಿಗೆ ಗೊತ್ತಿತ್ತು. ಐನೂರು ಗಜ ದೂರದಲ್ಲಿ ಎತ್ತರದ ಬಿದಿರು ತಡಿಕೆಗೆ ಸುಣ್ಣ ಬಳಿದು ನಿಲ್ಲಿಸಿ, ಒಂದೇ ರೈಫಲ್ಲಿನಿಂದ, ಒಂದೇ ಗುರಿಯಿಟ್ಟು ಮೂರು ಬಗೆಯದನ್ನೂ ಹೊಡೆದರು. ಎಲ್ಲರೂ ಎದ್ದು ಹೋಗಿ ನೋಡಿದೆವು. ಚೂಪಿನ ಗುಂಡಿನ ತೂತುಗಳೆಲ್ಲ ಮೇಲೆ ಒಂದು ಮೊರದಗಲದಲ್ಲಿದ್ದವು, ಅಲ್ಯೂಮಿನಿಯಂ, ಕಾಗದ ಬೆರೆತುಹೋಗಿ. ದುಂಡಗಿನವು ಅಷ್ಟು ದೂರ ಹೋಗುವಷ್ಟರಲ್ಲಿ ಒಂದಾಳು ಪ್ರಮಾಣ ಕೆಳಗಿಳಿದಿದ್ದವು. ಕಮ್ಮಾರ ಮೇಲಿನ ತೂತುಗಳಲ್ಲಿ ಒಂದೊಂದಕ್ಕೂ ಬೆರಳು ತೂರಿಸಿ ನೋಡಿದ.

“ಕಾಗದದ್ದು ಯಾವ್ದು ಗೊತ್ತಾಯ್ತೇನ್ಲಾ?” ಎಂದು ಹವಾಲ್ದಾರರು ಕೇಳಿದರು.

“ಗೊತ್ತಾಗಲ್ಲ ಸಾ.”

“ಮತ್ತೆ?”

“ಏನೂ ಇಲ್ಲ ಸಾ.” ಅವನು ನಕ್ಕ. ಬೇರೆಯವರೂ ನಕ್ಕರು. ಕಾಗದದ ಗುಂಡಿನ ಮಾತು ಆ ಕ್ಯಾಂಪಿನಲ್ಲಿ ಅಲ್ಲಿಗೆ ಮುಗಿಯಿತು.

ಪೆಟ್ಟಿಗೆಯ ಮರಳನ್ನು ಗೋಣಿಯ ಮೇಲೆ ಸುರಿದು ಗುಂಡು ಹುಡುಕಿದ್ದು ಊಟಕ್ಕೆ ಮೊದಲು. ದುಂಡಗಿನವು ಸ್ವಲ್ಪ ಸೊಟ್ಟಗಾಗಿದ್ದವು, ಅಷ್ಟೇ. ಚೂಪಿನವು ಬೇರೆ ಥರ ಇದ್ದವು. ಅಡ್ಡಡ್ಡವಾಗಿ ಬಗ್ಗಿ, ಹೊದಿಕೆ ಹರಿದು, ಸೀಸ ಹಿಂಭಾಗದಿಂದ ಹಿಂಡಿ ಬಂದಿತ್ತು. ಯಾಕೆ ಹೀಗೆ ಎಂದು ಕೇಳಿದೆ. ಕ್ಯಾಪ್ಟನ್ ಒಂದನ್ನು ಎರಡು ಬೆರಳ ನಡುವೆ ಹಿಡಿದು, “ಮೂತಿ ಹಗುರ, ತೂಕವೆಲ್ಲ ಹಿಂದೆ. ಗಾಳಿಯಲ್ಲಿ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಮೆತ್ತಗಿರುವುದಕ್ಕೆ ಹೊಕ್ಕ ಕೂಡಲೇ ಪಲ್ಟಿ ಹೊಡೆಯುತ್ತದೆ” ಅಂದರು.

“ಮೆತ್ತಗಿರುವುದು ಅಂದರೆ ಮರಳು.”

“ಮರಳಿಗೆ ಅಂತ ಮಾಡಿದ್ದಲ್ಲ ಮೇಷ್ಟ್ರೇ” ಅಂದು ಅವರು ಅದನ್ನು ಗೋಣಿಯ ಮೇಲಿಟ್ಟರು.

ಎರಡು ವಾರದಿಂದ ನಾನು ಯಾವ ಬುದ್ಧಿವಂತಿಕೆಗೆ ತಲೆದೂಗುತ್ತಿದ್ದೆನೋ ಅದು ಏತಕ್ಕೆಂದು ಆಗ ಹೊಳೆಯಿತು. ಬೆರಗು ಹೋಗಲಿಲ್ಲ. ಅದರೊಳಗೆ ಭಯವೂ ಸೇರಿಕೊಂಡಿತು.

ಮಧ್ಯಾಹ್ನ ಹವಾಲ್ದಾರರು ನನ್ನನ್ನು ಗುರಿಹಲಗೆಗಳ ಕೆಳಗಿನ ಕಂದಕಕ್ಕೆ ಕರೆದುಕೊಂಡು ಹೋದರು. ಸಿಪಾಯಿಗಳು ಮುನ್ನೂರು ಗಜದಿಂದ ಹೊಡೆಯುವಾಗ, ಗುರಿಹಲಗೆಯನ್ನು ಇಳಿಸಿ ತೂತು ಎಣಿಸುವವರು ಆ ಕಂದಕದಲ್ಲಿ ಕೂರುತ್ತಾರೆ. ತಲೆಯ ಮೇಲೆ ಆಳೆತ್ತರದ ಮಣ್ಣಿನ ದಿಬ್ಬ, ಏನೂ ಆಗುವುದಿಲ್ಲ ಎಂದರು. ನಾನು ಮೊಣಕಾಲು ಅಪ್ಪಿಕೊಂಡು ಕೂತೆ.

ಮೊದಲು ತಲೆಯ ಮೇಲೆ ಚಟ್ ಎಂದು ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ಗುರಿಯ ಬಟ್ಟೆ ಅದುರಿತು. ಆಮೇಲೆ, ಕಣ್ಣು ಮಿಟುಕಿಸುವಷ್ಟು ಹೊತ್ತಾದ ಮೇಲೆ, ದೂರದಿಂದ ಧಿಮ್ ಎಂದು ರೈಫಲ್ಲಿನ ಸದ್ದು ಬಂತು. ನಾನು ಹಿಂದುಮುಂದಾಗಿ ಕೇಳಿಸಿಕೊಂಡೆನೇನೋ ಅಂದುಕೊಂಡೆ. ಮತ್ತೊಂದು. ಚಟ್, ಆಮೇಲೆ ಧಿಮ್. ಗುಂಡು ಬಂದು ಹೊಕ್ಕು, ಕೆಲಸ ಮುಗಿಸಿದ ಮೇಲೆ ಅದು ಹೊರಟ ಸುದ್ದಿ ಬರುತ್ತಿತ್ತು. ಬೆಳಿಗ್ಗೆ ನಾನೇ ಬರೆದ ಸಂಖ್ಯೆ ಅದು. ಸದ್ದು ಸೆಕೆಂಡಿಗೆ ಸಾವಿರದ ನೂರು ಅಡಿ, ಗುಂಡು ಅದರ ಎರಡರಷ್ಟಕ್ಕಿಂತ ಹೆಚ್ಚು. ಆದರೆ ಬರೆಯುವುದು ಬೇರೆ, ಅದರ ಕೆಳಗೆ ಕೂತು ಕೇಳುವುದು ಬೇರೆ. ನಾನು ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದೆನಂತೆ. ಹವಾಲ್ದಾರರು ಭುಜ ಮುಟ್ಟಿದರು.

“ಏನ್ ಮೇಷ್ಟ್ರೇ?”

“ಸದ್ದು ಹಿಂದೆ ಬೀಳುತ್ತಿದೆ. ಗುಂಡು ಮೊದಲು ಬರುತ್ತದೆ. ಇದು ಯಾರಿಗಾದರೂ ತಗುಲಿದರೆ, ಆ ಹೊಡೆತದ ಸದ್ದು ಅವರಿಗೆ ಕೇಳುವುದೇ ಇಲ್ಲ.”

ಅವರು ಆ ಚಟ್ ಧಿಮ್ಮನ್ನು ಸಾವಿರಾರು ಸಲ ಕೇಳಿದ್ದವರು. ಆದರೂ ನನ್ನ ಮಾತಿಗೆ ಅವರ ಮುಖ ಬದಲಾಯಿತು. ನಾಲ್ಕು ಸಲ ಗುರಿಹಲಗೆ ಇಳಿಸಿ ಏರಿಸಿದ ಮೇಲೆ ಕೇಳಿದರು.

“ನಾನೂರು ಗಜದಿಂದ ಒಡುದ್ರೆ? ತುರ್ಕಿಯೋರ ರೈಫಲ್ಲು. ಅದೂ ಚೂಪಂದೇ.”

“ಆಗಲೂ ಗುಂಡೇ ಮೊದಲು. ಸದ್ದು ಅರ್ಧ ಸೆಕೆಂಡಾದರೂ ಹಿಂದೆ ಬರುತ್ತದೆ. ಮೈಲಿಗಟ್ಟಲೆ ದೂರವಾದರೆ ಹೇಳಲಾರೆ. ನಾನೂರು ಗಜಕ್ಕೆ ಅನುಮಾನವಿಲ್ಲ.”

“ಹಣೆಗೆ ಬಿದ್ರೆ?”

ನಾನು ಅವರ ಕಡೆ ತಿರುಗಿದೆ. ಅವರೇ ಹೇಳಿದರು. ಬಸ್ರಾದಿಂದ ಮೇಲೆ ಹೋಗುವಾಗ ಒಂದು ಖರ್ಜೂರದ ತೋಪಿನ ಎದುರು ಕಾಲುವೆಯಲ್ಲಿ ಕೂತಿದ್ದಾಗ, ಪಕ್ಕದಲ್ಲಿದ್ದ ಗೆಳೆಯ ಮಾತಾಡುತ್ತ ಮಾತಾಡುತ್ತ ಅವರ ತೊಡೆಯ ಮೇಲೆ ಒರಗಿದನಂತೆ. ಚನ್ನರಾಯಪಟ್ಟಣದವನು. ತಂದೆ ತಾಯಿ ಇರಲಿಲ್ಲ. ಅಕ್ಕನೇ ಸಾಕಿದ್ದಳು. ಯುದ್ಧ ಮುಗಿದು ಬಂದ ಮೇಲೆ ಇವರು ವರ್ಷಕ್ಕೊಮ್ಮೆ ಆಕೆಯನ್ನು ನೋಡಿಬರುತ್ತಿದ್ದರು. ಹೋದಾಗಲೆಲ್ಲ ಆಕೆ ಒಂದೇ ಮಾತು ಕೇಳುತ್ತಿದ್ದಳಂತೆ: ಅವನಿಗೆ ಗೊತ್ತಾಯ್ತಾ? ಹೆದರಿಕೊಂಡನಾ?

“ಏನು ಹೇಳ್ತಿದ್ದಿರಿ?”

“ದೇವ್ರ ಎಸ್ರು ಏಳ್ತಾ ಪ್ರಾಣ ಬುಟ್ಟ ಅಂತಿದ್ದೆ. ಇನ್ನೇನು ಏಳ್ಲಿ?” ಅವರು ಗುರಿಹಲಗೆಯ ಹಗ್ಗ ಎಳೆದರು. “ನೀವು ಒಂದ್ಸಲ ಬನ್ನಿ ಮೇಷ್ಟ್ರೇ. ನಾನೇಳಿದ್ರೆ ಸಮಾಧಾನಕ್ಕೆ ಏಳ್ತವ್ನೆ ಅಂದ್ಕೋತಾಳೆ.”

ಮುಂದಿನ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದೆವು. ಆಕೆಗೆ ಅರವತ್ತರ ಮೇಲಾಗಿತ್ತು. ಕೆರೆಯ ಏರಿಯ ಹತ್ತಿರ ಸಣ್ಣ ಮನೆ. ಜಗಲಿಯಲ್ಲಿ ಕೂತು ಕೊಬ್ಬರಿ ಸುಲಿಯುತ್ತಿದ್ದಳು. ಹವಾಲ್ದಾರರನ್ನು ಕಂಡು, “ಬಾರಪ್ಪ. ಈ ವರ್ಸ ಬೇಗ ಬಂದ್ಬುಟ್ಟೆ” ಅಂದಳು. ನನ್ನನ್ನು ಮೇಷ್ಟ್ರು ಎಂದು ಪರಿಚಯಿಸಿದಾಗ ಚಾಪೆ ಹಾಸಿ ಮಜ್ಜಿಗೆ ತಂದಳು.

ಹವಾಲ್ದಾರರು ನೆಲ ನೋಡುತ್ತ, “ಅಕ್ಕಾ, ನೀನು ಕೇಳ್ತಿದ್ದೆಯಲ್ಲ, ಅದಕ್ಕೆ ಮೇಷ್ಟ್ರು ಉತ್ರ ಏಳ್ತಾರೆ” ಅಂದರು.

ನಾನು ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆಕೆಯ ಮುಖ ನೋಡಿದ ಕೂಡಲೇ ಎಲ್ಲ ಹಾರಿಹೋಯಿತು. ಗುಂಡು ಸದ್ದಿಗಿಂತ ಬೇಗ ಬರುತ್ತದಮ್ಮ, ಅವರಿಗೆ ಏನೂ ಕೇಳಿಸಿಲ್ಲ ಎಂದಷ್ಟೇ ಹೇಳಿದೆ.

“ಸದ್ದಿಗೂ ಓಟ ಐತಾ ಸ್ವಾಮಿ? ಕೂಗಿದ ತಕ್ಷಣ ಕೇಳ್ತದಲ್ಲ” ಅಂದಳು.

ನಾನು ಏರಿಯ ಕಡೆ ನೋಡಿದೆ. ಕೆರೆಯ ಆಚೆ ದಡದಲ್ಲಿ ಅಗಸರು ಬಟ್ಟೆ ಒಗೆಯುತ್ತಿದ್ದರು. ಸದ್ದು ಸಣ್ಣಗೆ ಇಲ್ಲಿಯವರೆಗೆ ಬರುತ್ತಿತ್ತು. ನಾನು ಎದ್ದು, “ಒಂದು ಗಳಿಗೆ ಏರಿಯ ಮೇಲೆ ಬನ್ನಿ” ಎಂದು ಕರೆದೆ. ಆಕೆ ಕೈ ಒರೆಸಿಕೊಂಡು ಬಂದಳು.

“ಆ ಕೆಂಪು ರುಮಾಲಿನವನನ್ನು ನೋಡಿ. ಬಟ್ಟೆ ಕಲ್ಲಿಗೆ ಬಿದ್ದದ್ದು ಕಂಡಾಗ ‘ಹೂಂ’ ಅನ್ನಿ.”

“ಹೂಂ” ಅಂದಳು. ಆಕೆಯ ಹೂಂ ಮುಗಿದ ಮೇಲೆ ಪಟ್ ಎಂದು ಕೇಳಿತು. ಅಷ್ಟರಲ್ಲಿ ಅಗಸನ ಕೈ ಮತ್ತೆ ಮೇಲೆದ್ದಿತ್ತು. ಆಕೆ ಹುಬ್ಬು ಗಂಟಿಕ್ಕಿದಳು. ಮತ್ತೆ ನೋಡಿದಳು. ಹೂಂ, ಆಮೇಲೆ ಪಟ್. ಎಷ್ಟು ಸಲ ನೋಡಿದಳೋ ನಾನು ಎಣಿಸಲಿಲ್ಲ. ನಾವು ಮೂವರೂ ಬಿಸಿಲಲ್ಲಿ ನಿಂತೇ ಇದ್ದೆವು.

“ಇಷ್ಟು ವರ್ಸ ಈ ಕೆರೆ ನೋಡ್ತಾ ಇವ್ನಿ, ಇದು ಕಾಣ್ಲೇ ಇಲ್ವಲ್ಲ” ಎಂದಳು.

“ಆ ಸದ್ದು ಇಲ್ಲಿಗೆ ಬರುವಷ್ಟರಲ್ಲಿ ಗುಂಡು ಹೋಗಿ ಮುಟ್ಟಿ ಆಗಿರುತ್ತದೆ.”

ಆಕೆ ಹವಾಲ್ದಾರರ ಕಡೆ ತಿರುಗಿದಳು. “ಅಂಗಾದ್ರೆ ದೇವ್ರ ಎಸ್ರು ಏಳಾಕೆ ಪುರಸೊತ್ತು ಎಲ್ಲಿತ್ತು?”

ಹವಾಲ್ದಾರರು ತಲೆಯೆತ್ತಲಿಲ್ಲ. “ಏಳ್ಲಿಲ್ಲ ಕಣಕ್ಕ.”

“ನಂಗೆ ಗೊತ್ತಿತ್ತು ಬುಡು. ಅವನೇನು ದೇವ್ರ ಎಸ್ರು ಏಳೋನಾ? ಏನು ಮಾತಾಡ್ತಿದ್ದ ನಿಜ ಏಳು.”

“ಬೂಟು. ಬೂಟು ಕಾಲು ಕಚ್ತಾ ಐತೆ, ಊರಿಗೋದ್ಮೇಲೆ ಜಲ್ಮದಲ್ಲಿ ಇನ್ನು ಬೂಟು ಆಕಲ್ಲ, ಬರಿಗಾಲಲ್ಲೇ ಓಡಾಡ್ತೀನಿ ಅಂತ...”

ಆಕೆ ಮೊದಲು ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. “ಅದು ಅವನ ಮಾತು. ಚಿಕ್ಕಂದಿಂದ್ಲೂ ಅಂಗೇ” ಅಂದಳು. ಆಮೇಲೆ ಏರಿಯ ಕಲ್ಲಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹವಾಲ್ದಾರರು ಆಕೆಯ ಕಾಲ ಹತ್ತಿರ ನೆಲದ ಮೇಲೆ ಕೂತರು. ಇಪ್ಪತ್ತೈದು ವರ್ಷ ಯಾರಿಗೂ ಹೇಳದ ಮಾತನ್ನು ಒಂದೊಂದಾಗಿ ಹೇಳತೊಡಗಿದರು, ಆ ಖರ್ಜೂರದ ತೋಪು, ಕಾಲುವೆಯ ಕೆಸರು, ಅವನನ್ನು ಎಲ್ಲಿ ಮಣ್ಣು ಮಾಡಿದರು ಎಂಬುದು. ನಾನು ಸ್ವಲ್ಪ ದೂರ ಹೋಗಿ ನಿಂತೆ.

ಆ ತರಬೇತಿ ಪಲ್ಟನ್ನು ಮಳೆಗಾಲ ಹಿಡಿಯುವ ಹೊತ್ತಿಗೆ ರೈಲು ಹತ್ತಿ ಬರ್ಮಾದ ಕಡೆಗೆ ಹೋಯಿತು. ಹವಾಲ್ದಾರರಿಗೆ ವಯಸ್ಸಾಯಿತೆಂದು ಇಲ್ಲೇ ಬಿಟ್ಟರು. ಅದೇ ತಿಂಗಳು ಕ್ಯಾಪ್ಟನ್ನರಿಂದ ನನಗೊಂದು ಕಾಗದ ಬಂತು. ಉತ್ತರದಲ್ಲಿ ಮದ್ದುಗುಂಡು ಪರೀಕ್ಷೆ ಮಾಡುವ ಒಂದು ಕಡೆ ನನ್ನಂಥವರು ಬೇಕಾಗಿದ್ದಾರೆ, ಸಂಬಳ ಇಲ್ಲಿಯದರ ಮೂರರಷ್ಟು, ಬರುವುದಾದರೆ ಶಿಫಾರಸು ಮಾಡುತ್ತೇನೆ ಎಂದಿತ್ತು. ಒಂದು ವಾರ ಆ ಕಾಗದ ನನ್ನ ಜೇಬಿನಲ್ಲೇ ಇತ್ತು. ಹೋಗಬೇಕೆಂದು ನನಗೆ ಬಹಳ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಆ ಬುದ್ಧಿವಂತಿಕೆಯ ಹತ್ತಿರದಲ್ಲಿ ಇರಬೇಕು ಅನಿಸುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಮರಳಿನಿಂದ ತೆಗೆದ ಆ ಸೊಟ್ಟ ಗುಂಡುಗಳೂ ಕಾಣುತ್ತಿದ್ದವು. ಯಾವುದು ಗೆದ್ದಿತು ಅಂತ ಈಗಲೂ ಹೇಳಲಾರೆ. ಮಗಳು ಹುಟ್ಟಿದಳು, ಬಾಣಂತಿಯನ್ನು ಬಿಟ್ಟು ಹೊರಡುವುದು ಸಾಧ್ಯವಿಲ್ಲವೆಂದು ಬರೆದುಬಿಟ್ಟೆ. ಅದು ನೆಪವೂ ಹೌದು, ನಿಜವೂ ಹೌದು.

ಅರಕಲಗೂಡಿಗೆ ಹೋಗಿದ್ದಾಗ ಇದನ್ನು ಹವಾಲ್ದಾರರಿಗೆ ಹೇಳಿದೆ. ಅವರು ಹೊಲದಲ್ಲಿ ರಾಗಿ ಪೈರಿನ ನಡುವೆ ಕಳೆ ಕೀಳುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡು ನನ್ನನ್ನು ನೋಡಿ, “ಒಳ್ಳೇದಾಯ್ತೋ ಕೆಟ್ಟದ್ದಾಯ್ತೋ ನಂಗೊತ್ತಿಲ್ಲ ಮೇಷ್ಟ್ರೇ. ಮಗೀಗೆ ಎಷ್ಟು ತಿಂಗ್ಳು ಈಗ?” ಎಂದು ಕೇಳಿದರು.

ಮೂರು ಎಂದೆ. ಅವರು ಪಕ್ಕಕ್ಕೆ ಸರಿದು ನನಗೂ ಒಂದು ಸಾಲು ಬಿಟ್ಟುಕೊಟ್ಟರು. ಅವತ್ತು ಸಂಜೆಯ ಬಸ್ಸು ಬರುವವರೆಗೆ ಇಬ್ಬರೂ ಕಳೆ ಕಿತ್ತೆವು.